ಗಾಡಿ ನಿಲ್ಲುವ ಜಾಗದಲ್ಲಿ ಒಂದು ಕಟ್ಟೆ: ಕಲಬುರಗಿಯ ಓಣಿಗಳಿಗೆ ಮಾರ್ಗದರ್ಶಿ

ನಮ್ಮ ಓಣಿಯ ಮೂಲೆಯಲ್ಲಿ ಎರಡು ಮೆಡಿಕಲ್ ಅಂಗಡಿ, ಒಂದು ಝೆರಾಕ್ಸ್ ಅಂಗಡಿ, ಒಂದು ಚಹಾದ ಬಂಡಿ ಇವೆ. ಹತ್ತಿರದಲ್ಲೇ ದವಾಖಾನೆ. ಸೇಡಂ, ಜೇವರ್ಗಿ, ಯಾದಗಿರಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದವರು ತಮ್ಮ ನಂಬರ್ ಬರುವವರೆಗೆ ಈ ಮೂಲೆಯಲ್ಲೇ ಕಾಯುತ್ತಾರೆ. ಒಂದು ಏಪ್ರಿಲ್ ಮಧ್ಯಾಹ್ನ ಒಬ್ಬ ಅಜ್ಜಿ ನಿಂತ ಕಾರಿನ ನೆರಳಿನಲ್ಲಿ, ಡಾಂಬರಿನ ಮೇಲೆ ಕೂತಿದ್ದರು. ಮಡಿಲಲ್ಲಿ ಎಕ್ಸ್‌ರೇ ಕವರ್ ಇತ್ತು. ಕಾರಿನವರು ಬಂದರು, ಗಾಡಿ ತೆಗೆದರು. ನೆರಳೂ ಅದರ ಜತೆಗೇ ಹೋಯಿತು. ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅಲ್ಲೇ ಕೂತರು. ಏಳಲು ಅವರಿಗೆ ಶಕ್ತಿ ಇರಲಿಲ್ಲ.

ಆ ಜಾಗವನ್ನು ನಾನು ಟೇಪ್ ಹಿಡಿದು ಅಳೆದದ್ದು ಮರುದಿನ. ಒಂದು ಕಾರು ನಿಲ್ಲಲು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. ಅಂದರೆ 12.5 ಚದರ ಮೀಟರ್. ಒಂದು ಸಣ್ಣ ಮನೆಯ ಪಡಸಾಲೆಯಷ್ಟು! ಅಲ್ಲಿ ಹತ್ತು ಜನ ಆರಾಮಾಗಿ ಕೂರಬಹುದು, ಜತೆಗೆ ನಾಲ್ಕು ಕುಂಡ, ಒಂದು ನೀರಿನ ಮಡಕೆ ಇಡಬಹುದು.

ಹೀಗೆ ಪಾರ್ಕಿಂಗ್ ಜಾಗವನ್ನು ಕೂರುವ ಜಾಗ ಮಾಡುವುದಕ್ಕೆ ಬೇರೆ ಕಡೆ ‘ಪಾರ್ಕ್‌ಲೆಟ್’ ಎನ್ನುತ್ತಾರೆ. 2005ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ರೀಬಾರ್’ ಎಂಬ ಕಲಾವಿದರ ಗುಂಪು ಪಾರ್ಕಿಂಗ್ ಮೀಟರಿಗೆ ನಾಣ್ಯ ಹಾಕಿತು. ಕಾರು ನಿಲ್ಲಿಸಲಿಲ್ಲ. ಹುಲ್ಲು ಹಾಸಿ, ಒಂದು ಬೆಂಚು, ಕುಂಡದಲ್ಲಿ ಒಂದು ಮರ ಇಟ್ಟಿತು. ಎರಡು ಗಂಟೆ ಆದ ಮೇಲೆ ಎಲ್ಲ ಎತ್ತಿಕೊಂಡು ಹೋಯಿತು. ಅದರಿಂದಲೇ ಸೆಪ್ಟೆಂಬರ್ ತಿಂಗಳ ಮೂರನೇ ಶುಕ್ರವಾರ ‘ಪಾರ್ಕಿಂಗ್ ಡೇ’ ಮಾಡುವ ರೂಢಿ ಬಂತು. 2010ರಲ್ಲಿ ಆ ನಗರದ ಆಡಳಿತವೇ ಇಂಥ ಜಾಗಗಳಿಗೆ ಅನುಮತಿ ಕೊಡತೊಡಗಿತು. ನಮ್ಮಲ್ಲಿ ಚೆನ್ನೈನ ಪಾಂಡಿ ಬಜಾರಿನಲ್ಲಿ 2019ರಲ್ಲಿ ನಡೆಯುವವರಿಗೆ ಅಗಲವಾದ ದಾರಿ, ಕೂರಲು ಬೆಂಚು ಬಂದವು. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಕ್ಕೆ ಗಾಡಿ ಬಿಡಲಿಲ್ಲ.

ಹೆಸರು ಹೊಸದು, ಅಷ್ಟೇ. ನಮ್ಮ ಹಳ್ಳಿಗಳ ಅಗಸಿ ಕಟ್ಟೆ, ಹನುಮಪ್ಪನ ಗುಡಿ ಕಟ್ಟೆ, ಅರಳಿ ಮರದ ಕಟ್ಟೆ ಎಲ್ಲ ಇದೇ ಕೆಲಸ ಮಾಡಿವೆ. ಊರು ಬೆಳೆದ ಹಾಗೆ ರಸ್ತೆಯ ಬದಿಯಲ್ಲಿ ಕಟ್ಟೆ ಹೋಗಿ ಬೈಕ್ ಬಂದವು. ನಾನು ಇದನ್ನು ಕಟ್ಟೆ ಎಂದೇ ಕರೆಯುತ್ತೇನೆ. ನೀವೂ ಹಾಗೇ ಕರೆಯಿರಿ. ಓಣಿಯ ಹಿರಿಯರಿಗೆ ‘ಪಾರ್ಕ್‌ಲೆಟ್ ಮಾಡ್ತೀವಿ’ ಎಂದರೆ ಮುಖ ನೋಡುತ್ತಾರೆ, ‘ಕಟ್ಟೆ ಮಾಡ್ತೀವಿ’ ಎಂದರೆ ಎಲ್ಲಿ ಎಂದು ಕೇಳುತ್ತಾರೆ.

ಮೊದಲ ಹೆಜ್ಜೆ: ಜಾಗ ಹುಡುಕುವುದು

ಜನ ಈಗಾಗಲೇ ಎಲ್ಲಿ ಕಾಯುತ್ತಿದ್ದಾರೋ ಅಲ್ಲೇ ಮಾಡಿ. ದವಾಖಾನೆಯ ಸುತ್ತ, ಶಾಲೆ ಬಿಡುವ ಗೇಟಿನ ಹತ್ತಿರ, ಬ್ಯಾಂಕು, ಪಡಿತರ ಅಂಗಡಿ, ತರಕಾರಿ ಸಂತೆಯ ಅಂಚು. ಮೆಟ್ಟಿಲ ಮೇಲೆ, ನಿಂತ ಬೈಕಿನ ಸೀಟಿನ ಮೇಲೆ, ಚರಂಡಿಯ ಕಲ್ಲಿನ ಮೇಲೆ ಜನ ಕೂತಿದ್ದರೆ ಅದೇ ನಿಮ್ಮ ಜಾಗ. ಚೆಂದ ಕಾಣುತ್ತದೆ ಎಂದು ಖಾಲಿ ರಸ್ತೆಯಲ್ಲಿ ಮಾಡಿದರೆ ಖಾಲಿಯಾಗಿಯೇ ಉಳಿಯುತ್ತದೆ.

ಸೇಡಂ ರಸ್ತೆ, ರಿಂಗ್ ರೋಡಿನಂಥ ದೊಡ್ಡ ರಸ್ತೆ ಬೇಡವೇ ಬೇಡ. ಬಸ್ಸು, ಲಾರಿ ಜೋರಾಗಿ ಓಡುವ ಕಡೆ ಮಕ್ಕಳನ್ನು ಕೂರಿಸುವುದು ತಪ್ಪು. ಗಾಡಿಗಳು ಗಂಟೆಗೆ 40 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ಹೋಗುವ ಅಡ್ಡರಸ್ತೆ ಸರಿ. ಸರ್ಕಲ್ಲಿನ ತಿರುವಿನಿಂದ ಕನಿಷ್ಠ ಒಂದು ಕಾರಿನ ಉದ್ದ ಬಿಟ್ಟು ಒಳಗೆ ಬನ್ನಿ. ತಿರುಗುವ ಗಾಡಿ ಮೊದಲು ಬಂದು ಹೊಡೆಯುವುದು ಮೂಲೆಗೇ. ಬಸ್ ನಿಲ್ದಾಣ, ಮ್ಯಾನ್‌ಹೋಲ್, ನೀರಿನ ವಾಲ್ವ್, ಟ್ರಾನ್ಸ್‌ಫಾರ್ಮರ್, ಆಂಬುಲೆನ್ಸ್ ಒಳಹೋಗುವ ಗೇಟು, ಇವುಗಳ ಮುಂದೆ ಬೇಡ. ತಲೆಯ ಮೇಲೆ ವಿದ್ಯುತ್ ತಂತಿ ಇದೆಯಾ, ಕತ್ತೆತ್ತಿ ನೋಡಿ.

ಆಮೇಲೆ ಬಿಸಿಲು ನೋಡಬೇಕು. ನಮ್ಮ ಊರಲ್ಲಿ ಇದು ಎಲ್ಲಕ್ಕಿಂತ ಮುಖ್ಯ. ಉತ್ತರ-ದಕ್ಷಿಣವಾಗಿ ಹೋಗುವ ರಸ್ತೆ ಸಿಕ್ಕರೆ ಪಡುವಣ ಬದಿಯನ್ನು ಆರಿಸಿಕೊಳ್ಳಿ. ಮಧ್ಯಾಹ್ನ ಸೂರ್ಯ ಪಡುವಣಕ್ಕೆ ಇಳಿದಂತೆ ಆ ಬದಿಯ ಕಟ್ಟಡಗಳ ನೆರಳು ತಾನಾಗಿ ರಸ್ತೆಯ ಮೇಲೆ ಬೀಳುತ್ತದೆ. ಎದುರು ಬದಿಯಲ್ಲಿ ಸಂಜೆ ಆರರವರೆಗೆ ಬಿಸಿಲು ಮುಖಕ್ಕೇ ಹೊಡೆಯುತ್ತದೆ. ಒಂದು ರಜೆಯ ದಿನ ಬೆಳಗ್ಗೆ ಹತ್ತಕ್ಕೆ, ಮಧ್ಯಾಹ್ನ ಒಂದಕ್ಕೆ, ನಾಲ್ಕಕ್ಕೆ ಹೋಗಿ ನೆರಳು ಎಲ್ಲಿದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಫೋಟೊ ತೆಗೆಯಿರಿ. ಈ ಮೂರು ಗೆರೆಗಳು ಎಷ್ಟೋ ಖರ್ಚು ಉಳಿಸುತ್ತವೆ.

ಕಲಬುರಗಿ ಕೋಟೆ, ಬೀದರಿನ ಮಹಮೂದ್ ಗವಾನ್ ಮದರಸಾದಂಥ ಸಂರಕ್ಷಿತ ಸ್ಮಾರಕಗಳ ಹತ್ತಿರ ಇದ್ದೀರಾ? ಅಲ್ಲಿ 100 ಮೀಟರಿನೊಳಗೆ ಹೊಸ ನಿರ್ಮಾಣ ನಿಷೇಧ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಣದ ಪ್ರದೇಶ. ಬರೀ ಬೆಂಚು ಇಡುವುದಾದರೂ ಪುರಾತತ್ವ ಇಲಾಖೆಯನ್ನು ಮೊದಲೇ ಕೇಳಿ.

ಎಣಿಸಿ, ಆಮೇಲೆ ಮಾತಾಡಿ

ಅಂಗಡಿಯವರ ಮೊದಲ ಮಾತು ಒಂದೇ: ‘ಗಾಡಿ ಎಲ್ಲಿ ನಿಲ್ಲಸ್ಬೇಕ್ರಿ? ಗಿರಾಕಿ ಬರಲ್ಲ.’ ಅವರ ಭಯ ಸುಳ್ಳಲ್ಲ. ಒಂದು ಕಾರಿನ ಜಾಗದಲ್ಲಿ ನಮ್ಮಲ್ಲಿ ಐದಾರು ಬೈಕ್ ನಿಲ್ಲುತ್ತವೆ. ಬಾಯಿ ಮಾತಿನಲ್ಲಿ ಸಮಾಧಾನ ಮಾಡಲು ಹೋಗಬೇಡಿ, ಎಣಿಸಿ ತೋರಿಸಿ.

ಮಾಡುವುದು ಸುಲಭ. ಒಂದು ನೋಟ್‌ಬುಕ್ ತಗೊಳ್ಳಿ. ಒಂದು ವಾರದ ದಿನ, ಒಂದು ಭಾನುವಾರ, ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಅರ್ಧ ಗಂಟೆಗೊಮ್ಮೆ ಆ ಜಾಗದಲ್ಲಿರುವ ಪ್ರತಿ ಗಾಡಿಯ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳಿ. ಪಿಯುಸಿ ಓದುವ ಹುಡುಗರು ಇಬ್ಬರು ಸರತಿಯಲ್ಲಿ ಕೂತರೆ ಸಾಕು. ಒಂದೇ ನಂಬರು ಎಷ್ಟು ಸಲ ಬಂತು ನೋಡಿ. ನಮ್ಮ ಓಣಿಯಲ್ಲಿ ಎಣಿಸಿದಾಗ ನನಗೇ ಆಶ್ಚರ್ಯ ಆಯಿತು. ಬೆಳಗ್ಗೆ ಬಂದು ನಿಂತ ಬೈಕುಗಳಲ್ಲಿ ಜಾಸ್ತಿ ಅಂಗಡಿಯವರದ್ದೇ, ಅಂಗಡಿಯಲ್ಲಿ ಕೆಲಸ ಮಾಡುವವರದ್ದೇ ಇದ್ದವು. ಬಾಗಿಲು ಹಾಕುವವರೆಗೆ ಅವು ಕದಲಲಿಲ್ಲ. ಗಿರಾಕಿಗಳ ಗಾಡಿ ಐದು, ಹತ್ತು ನಿಮಿಷ ನಿಂತು ಹೋಗುತ್ತಿದ್ದವು, ಅದೂ ಜಾಗ ಸಿಗದೆ ರಸ್ತೆಯ ನಡುವೆ.

ಆ ನೋಟ್‌ಬುಕ್ಕನ್ನು ಮೆಡಿಕಲ್ ಅಂಗಡಿಯವರ ಮುಂದಿಟ್ಟೆವು. ಅವರು ಪುಟ ತಿರುವಿ, ತಮ್ಮ ಬೈಕಿನ ನಂಬರಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹಿಂದಿನ ಗಲ್ಲಿಯಲ್ಲಿ ನಿಲ್ಲಿಸಲು ಒಪ್ಪಿದರು. ಅವರ ಹಿಂದೆ ಉಳಿದವರೂ ಒಪ್ಪಿದರು. ಹೀಗೆ ಕೆಲಸದವರ ಗಾಡಿಗೆ ಬೇರೆ ಜಾಗ ಹುಡುಕಿದರೆ ಕಟ್ಟೆಯೂ ಆಗುತ್ತದೆ, ಗಿರಾಕಿಗೆ ಪಾರ್ಕಿಂಗೂ ಉಳಿಯುತ್ತದೆ. ಕಟ್ಟೆಯ ಒಂದು ತುದಿಯಲ್ಲಿ ನಾಲ್ಕು ಬೈಕಿಗೆ ‘ಹತ್ತು ನಿಮಿಷ ಮಾತ್ರ’ ಎಂದು ಗೆರೆ ಹಾಕಿ ಬಿಡಿ. ಈ ಒಂದು ಗೆರೆ ಜಗಳಗಳನ್ನು ತಡೆಯುತ್ತದೆ.

ಬಂಡಿ ವ್ಯಾಪಾರಿಗಳನ್ನು ಮರೆಯಬೇಡಿ. ಚಹಾದ ಬಂಡಿ, ಹಣ್ಣಿನ ಬಂಡಿ ಎಬ್ಬಿಸಿ ಕಟ್ಟೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಅವರಿಗೆ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆಯೂ ಇದೆ, ಅವರ ಜಾಗದ ವಿಷಯ ಪಟ್ಟಣ ವ್ಯಾಪಾರ ಸಮಿತಿಯ ಮುಂದೆ ಬರಬೇಕು. ಅದಕ್ಕಿಂತ ದೊಡ್ಡ ಮಾತು, ಬೆಳಗ್ಗೆ ಆರರಿಂದ ರಾತ್ರಿವರೆಗೆ ಆ ಮೂಲೆಯಲ್ಲಿ ಕಣ್ಣಿಟ್ಟು ನಿಂತಿರುವವರು ಅವರೇ. ನಿಮ್ಮ ಕಟ್ಟೆಯನ್ನು ಕಾಯುವವರೂ ಅವರೇ ಆಗುತ್ತಾರೆ. ಆಟೊ ಸ್ಟ್ಯಾಂಡಿನವರನ್ನೂ ಹೀಗೇ ಮೊದಲೇ ಕೂರಿಸಿ ಮಾತಾಡಿ.

ಅನುಮತಿ

ರಸ್ತೆ ಯಾರದ್ದು ಎಂದು ಮೊದಲು ತಿಳಿದುಕೊಳ್ಳಿ. ಓಣಿಯ ರಸ್ತೆ ಸಾಮಾನ್ಯವಾಗಿ ಮಹಾನಗರ ಪಾಲಿಕೆಯದ್ದು, ಯಾದಗಿರಿಯಲ್ಲಾದರೆ ನಗರಸಭೆಯದ್ದು. ಕೆಲವು ರಸ್ತೆ ಲೋಕೋಪಯೋಗಿ ಇಲಾಖೆಗೆ ಸೇರಿರುತ್ತವೆ. ವಾರ್ಡಿನ ಎಂಜಿನಿಯರ್ ಐದು ನಿಮಿಷದಲ್ಲಿ ಹೇಳುತ್ತಾರೆ. ಗಾಡಿ ಎಲ್ಲಿ ನಿಲ್ಲಬಹುದು ಎಂದು ಗೊತ್ತು ಮಾಡುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಪ್ರಕಾರ ಸರ್ಕಾರಕ್ಕೆ ಅಥವಾ ಅದು ನೇಮಿಸಿದ ಅಧಿಕಾರಿಗೆ ಇದೆ, ಅವರು ಸ್ಥಳೀಯ ಸಂಸ್ಥೆಯ ಜತೆ ಸಮಾಲೋಚಿಸಬೇಕು. ಆದ್ದರಿಂದ ಅರ್ಜಿ ಪಾಲಿಕೆ ಆಯುಕ್ತರಿಗೆ ಬರೆದು, ಒಂದೊಂದು ಪ್ರತಿ ಸಂಚಾರ ಪೊಲೀಸರಿಗೆ, ತಂತಿ ಹತ್ತಿರವಿದ್ದರೆ ವಿದ್ಯುತ್ ಕಂಪನಿ ಜೆಸ್ಕಾಂಗೆ, ನಿಮ್ಮ ಕಾರ್ಪೊರೇಟರಿಗೆ ಕೊಡಿ. ಪ್ರತಿಯೊಂದಕ್ಕೂ ಸೀಲು ಹಾಕಿದ ಸ್ವೀಕೃತಿ ತಗೊಳ್ಳಿ.

ಅರ್ಜಿ ಎರಡು ಪುಟ ಮೀರಬಾರದು. ಜಾಗದ ಫೋಟೊ, ಅಳತೆ ಹಾಕಿದ ಕೈನಕ್ಷೆ, ಗಾಡಿ ಎಣಿಸಿದ ಪಟ್ಟಿ, ಅಕ್ಕಪಕ್ಕದ ಅಂಗಡಿ ಮತ್ತು ಮನೆಯವರ ಸಹಿ, ಇಷ್ಟು ಇದ್ದರೆ ಸಾಕು. ಎರಡು ವಾಕ್ಯ ಮಾತ್ರ ತಪ್ಪದೆ ಬರೆಯಿರಿ. ಒಂದು, ‘ರಸ್ತೆ ಅಗೆಯುವುದಿಲ್ಲ, ಸಿಮೆಂಟ್ ಹಾಕುವುದಿಲ್ಲ, ಕೇಳಿದ ದಿನವೇ ಎತ್ತಿಬಿಡುತ್ತೇವೆ.’ ಎರಡು, ‘ಇಲ್ಲಿ ಯಾವ ಮೂರ್ತಿ, ಬಾವುಟ, ಹೆಸರಿನ ಫಲಕ ಇಡುವುದಿಲ್ಲ.’ ಎರಡನೆಯದು ಸುಮ್ನೆ ಹೇಳುತ್ತಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಹೊಸದಾಗಿ ಪ್ರಾರ್ಥನಾ ಸ್ಥಳ ಕಟ್ಟಬಾರದು ಎಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರಿನಲ್ಲಿ ಹೇಳಿದೆ. ರಸ್ತೆ, ಫುಟ್‌ಪಾತ್ ಮೇಲೆ ಪ್ರತಿಮೆ ಅಥವಾ ಕಟ್ಟಡಕ್ಕೆ ಅನುಮತಿ ಕೊಡಬಾರದು ಎಂದು 2013ರ ಜನವರಿಯಲ್ಲಿ ಆದೇಶ ಮಾಡಿದೆ, ರಸ್ತೆಯ ಅಭಿವೃದ್ಧಿ ಮತ್ತು ಸಾರ್ವಜನಿಕ ಅನುಕೂಲದ ಕೆಲಸಗಳನ್ನು ಅದರಿಂದ ಹೊರಗಿಟ್ಟಿದೆ. ಖಾಲಿ ಕಟ್ಟೆ ಕಂಡರೆ ಏನಾದರೂ ತಂದು ಇಡುವವರು ಇದ್ದೇ ಇರುತ್ತಾರೆ. ಕಟ್ಟೆ ಎಲ್ಲರದ್ದಾಗಿ ಉಳಿಯಬೇಕಾದರೆ ಈ ಮಾತು ಮೊದಲ ದಿನವೇ ಕಾಗದದ ಮೇಲೆ ಇರಬೇಕು.

ಮೊದಲು ಒಂದೇ ಒಂದು ದಿನಕ್ಕೆ ಅನುಮತಿ ಕೇಳಿ. ಒಂದು ದಿನಕ್ಕೆ ಹೂಂ ಎನ್ನುವುದು ಯಾವ ಅಧಿಕಾರಿಗೂ ಕಷ್ಟವಲ್ಲ.

ಒಂದು ದಿನದ ಕಟ್ಟೆ

ನಾವು ಮೊದಲ ಸಲ ಮಾಡಿದ್ದು ಏಪ್ರಿಲಿನಲ್ಲಿ. ಪರಿಚಯದವರ ಹತ್ತಿರ ಎರಡು ಕಬ್ಬಿಣದ ಬೆಂಚು ತಂದೆವು, ಹಸಿರು ಮ್ಯಾಟ್ ಹಾಸಿದೆವು, ಕುಂಡ ಜೋಡಿಸಿದೆವು. ಬೆಳಗ್ಗೆ ಎಂಟಕ್ಕೆ ಎಲ್ಲ ಬಂದು ಕೂತರು, ಫೋಟೊ ತೆಗೆದರು. ಹನ್ನೊಂದಕ್ಕೆ ಒಬ್ಬರೂ ಇರಲಿಲ್ಲ. ಒಂದು ಮಗು ಬೆಂಚು ಮುಟ್ಟಿ ಅತ್ತಿತು, ಅಷ್ಟು ಕಾದಿತ್ತು. ಜನ ಮತ್ತೆ ಮೆಡಿಕಲ್ ಅಂಗಡಿಯ ಮೆಟ್ಟಿಲಿಗೇ ಹೋದರು. ಆ ದಿನ ಕಲಿತದ್ದನ್ನು ನಾನು ಎಲ್ಲರಿಗೂ ಹೇಳುತ್ತೇನೆ: ನಮ್ಮ ಜಿಲ್ಲೆಗಳಲ್ಲಿ ಮೊದಲು ನೆರಳು, ಆಮೇಲೆ ಕುರ್ಚಿ. ದುಡ್ಡು ಕಡಿಮೆ ಇದ್ದರೆ ಬೆಂಚು ಬಿಡಿ, ಗಿಡ ಬಿಡಿ, ನೆರಳು ಮಾಡಿ ಕೆಳಗೆ ಚಾಪೆ ಹಾಸಿ. ಜನ ಬರುತ್ತಾರೆ.

ಆದ್ದರಿಂದ ಪ್ರಯೋಗದ ದಿನಕ್ಕೆ ಬೇಕಾದದ್ದು ಒಂದು ಸಣ್ಣ ಶಾಮಿಯಾನ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಎರಡು ಹೊರಸು, ಚಾಪೆ, ಕುಡಿಯುವ ನೀರಿನ ಮಡಕೆ, ಒಂದು ಕೇರಂ ಬೋರ್ಡ್. ರಸ್ತೆಯ ಕಡೆಗೆ ಪೊಲೀಸರ ಬ್ಯಾರಿಕೇಡ್ ಎರಡು ಕೇಳಿ ಪಡೆಯಿರಿ. ಅರವಟಿಗೆ ಇಡುವುದು ನಮ್ಮ ಕಡೆ ಬೇಸಿಗೆಯ ಹಳೆಯ ಪದ್ಧತಿ ಅಲ್ವಾ? ನೀರಿನ ಮಡಕೆ ಕಂಡರೆ ಸಾಕು, ಇದು ಎಲ್ಲರ ಜಾಗ ಎಂದು ಯಾರೂ ಹೇಳದೆ ತಿಳಿಯುತ್ತದೆ. ದಿನವಿಡೀ ಗಂಟೆಗೊಮ್ಮೆ ಕೂತವರನ್ನು ಎಣಿಸಿ: ಹೆಂಗಸರು ಎಷ್ಟು, ಮಕ್ಕಳು ಎಷ್ಟು, ವಯಸ್ಸಾದವರು ಎಷ್ಟು. ಹೆಂಗಸರು ಬಂದು ಕೂರುತ್ತಿಲ್ಲ ಎಂದರೆ ಎಲ್ಲೋ ಏನೋ ಸರಿಯಿಲ್ಲ. ಅವರನ್ನೇ ಕೇಳಿ. ನಮಗೆ ಸಿಕ್ಕ ಉತ್ತರ: ‘ಬೆನ್ನಿಗೆ ರಸ್ತೆ ಬರ್ತದ, ಯಾರು ಬಂದ್ರು ಗೊತ್ತಾಗಲ್ಲ.’ ಕುರ್ಚಿ ತಿರುಗಿಸಿದೆವು, ಸಂಜೆ ಬಂದು ಕೂತರು.

ಮೂರು ತಿಂಗಳ ಕಟ್ಟೆ ಕಟ್ಟುವುದು

ಒಂದು ದಿನ ಚೆನ್ನಾಗಿ ನಡೆದರೆ ಅದರ ಫೋಟೊ, ಲೆಕ್ಕ ಹಿಡಿದು ಮೂರು ತಿಂಗಳಿಗೆ ಅನುಮತಿ ಕೇಳಿ. ಈಗ ಬಡಗಿ, ವೆಲ್ಡರ್ ಕರೆಯಬೇಕು.

ಎರಡು ಕಾರಿನ ಜಾಗ ಇಟ್ಟುಕೊಳ್ಳಿ, ಉದ್ದ ಹತ್ತು ಮೀಟರ್. ಅಗಲ ಎರಡು ಮೀಟರ್ ಸಾಕು, ಉಳಿದ ಅರ್ಧ ಮೀಟರ್ ಓಡುವ ಗಾಡಿಗೂ ಕೂತವರಿಗೂ ನಡುವಿನ ಅಂತರ. ಫುಟ್‌ಪಾತ್ ಇದ್ದರೆ ಕಟ್ಟೆಯ ಹಲಗೆ ಅದರ ಮಟ್ಟಕ್ಕೇ ಬರಬೇಕು, ನಡುವೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಸಂದು ಇರಬಾರದು. ಊರುಗೋಲಿನ ತುದಿ, ವೀಲ್‌ಚೇರಿನ ಮುಂದಿನ ಸಣ್ಣ ಚಕ್ರ ಸಿಕ್ಕಿಕೊಳ್ಳುವುದು ಅಂಥ ಸಂದಿನಲ್ಲೇ. ಒಳಬರುವ ದಾರಿ 90 ಸೆಂಟಿಮೀಟರ್ ಅಗಲ, ಒಳಗೆ ವೀಲ್‌ಚೇರ್ ತಿರುಗಲು ಒಂದೂವರೆ ಮೀಟರ್ ಖಾಲಿ ಜಾಗ ಬಿಡಿ. ನಮ್ಮ ಎಷ್ಟೋ ಓಣಿಗಳಲ್ಲಿ ಫುಟ್‌ಪಾತೇ ಇಲ್ಲ. ಅಲ್ಲಿ ಅಂಗಡಿ ಸಾಲಿಗೂ ಕಟ್ಟೆಗೂ ನಡುವೆ 1.8 ಮೀಟರ್ ನಡೆಯುವ ದಾರಿ ಬಿಟ್ಟು, ಹನ್ನೆರಡಕ್ಕೆ ಒಂದರ ಇಳಿಜಾರಿನ ಹಲಗೆ ಹಾಕಿ, ಅಂದರೆ ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ.

ಚರಂಡಿ ವಿಷಯದಲ್ಲಿ ನಾವು ತಪ್ಪಿದೆವು. ಮೊದಲ ಕಟ್ಟೆಯ ಚೌಕಟ್ಟನ್ನು ಫುಟ್‌ಪಾತಿನ ಕಲ್ಲಿಗೆ ಒತ್ತಿ ಕೂರಿಸಿದ್ದೆವು. ಜೂನಿನ ಮೊದಲ ಮಳೆಗೆ ನೀರು ಹರಿಯಲು ದಾರಿ ಸಿಗದೆ ಝೆರಾಕ್ಸ್ ಅಂಗಡಿಗೆ ನುಗ್ಗಿತು, ಎರಡು ಕಟ್ಟು ಕಾಗದ ಹಾಳಾಯಿತು. ಅದರ ಬೆಲೆ ನಾವು ಕೊಟ್ಟೆವು. ನೀವು ಹಾಗೆ ಮಾಡಬೇಡಿ. ಕಲ್ಲಿನ ಪಕ್ಕದಲ್ಲಿ ಉದ್ದಕ್ಕೂ 15 ಸೆಂಟಿಮೀಟರ್ ಅಗಲ, ಕನಿಷ್ಠ ಐದು ಸೆಂಟಿಮೀಟರ್ ಎತ್ತರದ ತೆರವು ಬಿಟ್ಟು, ಅದರ ಮೇಲಿನ ಹಲಗೆಗಳನ್ನು ಕೈಯಲ್ಲಿ ಎತ್ತಿ ತೆಗೆಯುವ ಹಾಗೆ ಮಾಡಿ. ವಾರಕ್ಕೊಮ್ಮೆ ಹಲಗೆ ಎತ್ತಿ ಕಸ ತೆಗೆಯಬೇಕು. ಎರಡೂ ತುದಿಗೆ ಇಲಿ, ಕಸ ನುಗ್ಗದಂತೆ ದಪ್ಪ ಜಾಲರಿ ಹೊಡೆಯಿರಿ.

ರಸ್ತೆಗೆ ಗುಂಡಿ ತೋಡಬೇಡಿ ಎನ್ನುವುದಕ್ಕೆ ಅನುಮತಿ ಒಂದೇ ಕಾರಣ ಅಲ್ಲ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಡಾಂಬರು ಒಡೆದು ಕಂಬ ನೆಟ್ಟರೆ ಆ ಸಂದಿನಲ್ಲಿ ನೀರು ಇಳಿದು ಸುತ್ತಲಿನ ರಸ್ತೆಯೇ ಕುಸಿಯುತ್ತದೆ. ಎಲ್ಲವೂ ತನ್ನ ಭಾರದಿಂದಲೇ ನಿಲ್ಲಬೇಕು. 200 ಲೀಟರಿನ ಹಳೆಯ ಡ್ರಮ್ಮಿಗೆ ಮರಳು ತುಂಬಿದರೆ 300 ಕೆಜಿ ದಾಟುತ್ತದೆ. ನೆರಳಿನ ಕಂಬಗಳನ್ನು ಇಂಥ ಡ್ರಮ್ಮುಗಳಲ್ಲಿ ನಿಲ್ಲಿಸಿ. ರಸ್ತೆಯ ಕಡೆಗೂ ಇವೇ ಡ್ರಮ್ಮುಗಳ ಸಾಲು, ಮೇಲೆ ಬಿಳಿ-ಕೆಂಪು ರಿಫ್ಲೆಕ್ಟರ್ ಪಟ್ಟಿ. ಎರಡೂ ತುದಿಯಿಂದ ಒಂದು ಮೀಟರಿಗಿಂತ ಸ್ವಲ್ಪ ದೂರಕ್ಕೆ ರಬ್ಬರಿನ ಚಕ್ರತಡೆ ಇಟ್ಟರೆ ಹಿಂದೆ ಬರುವ ಗಾಡಿ ಅಲ್ಲೇ ನಿಲ್ಲುತ್ತದೆ. ರಸ್ತೆಯ ಕಡೆಯ ಅಂಚು 90 ಸೆಂಟಿಮೀಟರ್ ಎತ್ತರ ಇರಲಿ, ಅದರ ಮೇಲೆ ಮುಚ್ಚಬೇಡಿ. ಕೂತವರಿಗೆ ರಸ್ತೆ ಕಾಣಬೇಕು, ರಸ್ತೆಯವರಿಗೆ ಕೂತವರು ಕಾಣಬೇಕು.

ಹಲಗೆಗೆ ಕಾರ್ಖಾನೆಗಳಿಂದ ಬರುವ ಹಳೆಯ ಪ್ಯಾಲೆಟ್ ಅಗ್ಗ. ಕೊಳ್ಳುವ ಮುಂಚೆ ಬದಿಯಲ್ಲಿರುವ ಮುದ್ರೆ ನೋಡಿ. ‘ಎಚ್‌ಟಿ’ ಎಂದಿದ್ದರೆ ಬಿಸಿ ಮಾಡಿ ಹುಳು ಕೊಂದ ಮರ, ತಗೊಳ್ಳಿ. ‘ಎಂಬಿ’ ಎಂದಿದ್ದರೆ ವಿಷದ ಹೊಗೆ ಕೊಟ್ಟದ್ದು, ಬೇಡ. ಕೂರುವ ಕಡೆ ಹಾಸಲು ನಮ್ಮದೇ ಶಹಾಬಾದ್ ಫರ್ಸಿ ಕಲ್ಲು ಇದೆಯಲ್ಲ. ನೆರಳಿನಲ್ಲಿ ತಣ್ಣಗಿರುತ್ತದೆ, ಒರೆಸಿದರೆ ಸ್ವಚ್ಛ, ಯಾರೂ ಕದ್ದು ಒಯ್ಯುವುದಿಲ್ಲ. ಒಂದು ಇಂಚು ದಪ್ಪದ ಫರ್ಸಿ ಚದರ ಮೀಟರಿಗೆ ಸುಮಾರು 65 ಕೆಜಿ ತೂಗುತ್ತದೆ. ಆದ್ದರಿಂದ ಅದನ್ನು ಕೂರುವ ಕಡೆ ಮಾತ್ರ ಹಾಕಿ, ನೆಲಕ್ಕೆ ಬೇಡ, ಬಿಚ್ಚುವಾಗ ಕಷ್ಟ. ಬಿಸಿಲು ಬೀಳುವ ಕಡೆ ಅದೇ ಫರ್ಸಿ ಕಾವಲಿಯಾಗುತ್ತದೆ, ಅಲ್ಲಿ ಮರದ ಪಟ್ಟಿ ಹೊಡೆಯಿರಿ. ಕೂರುವ ಎತ್ತರ 45 ಸೆಂಟಿಮೀಟರ್. ಎರಡು ಜಾಗಕ್ಕಾದರೂ ಕೈಯೂರಿ ಏಳಲು ಹಿಡಿ, ಬೆನ್ನಿಗೆ ಆಸರೆ ಇರಲೇಬೇಕು. ಆ ಅಜ್ಜಿಗಾಗಿ ನಾನು ಇದೊಂದನ್ನು ಎಲ್ಲೂ ಬಿಡುವುದಿಲ್ಲ.

ನೆರಳು

ಕಲಬುರಗಿ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಎರಡನೇ ವಾರದ ಹೊತ್ತಿಗೆ ನಡುಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ಗೋಡೆಯ ನೆರಳು ಗೋಡೆಯ ಬುಡದಲ್ಲೇ ಉಳಿಯುತ್ತದೆ, ಯಾರಿಗೂ ಸಿಗುವುದಿಲ್ಲ. ಹಾಗಾಗಿ ಮೇಲೆ ಚಾವಣಿ ಬೇಕು. ಮೂರರ ಮೇಲೆ ಸೂರ್ಯ ಓರೆಯಾದಾಗ ಚಾವಣಿ ಸಾಲದು, ಪಡುವಣಕ್ಕೆ ಒಂದು ತಟ್ಟಿ ಬೇಕು.

ಚಾವಣಿಗೆ ನರ್ಸರಿಯವರು ಬಳಸುವ 75 ಪರ್ಸೆಂಟಿನ ನೆರಳು ಪರದೆ, ಎರಡು ಪದರ, ನಡುವೆ ಒಂದು ಗೇಣು ಅಂತರ. ಮೇಲಿನದು ಕಾಯುತ್ತದೆ, ನಡುವೆ ಗಾಳಿ ಆಡುತ್ತದೆ, ಕೆಳಗಿನದು ಅಷ್ಟು ಕಾಯುವುದಿಲ್ಲ. ತಗಡು ಹಾಕಬೇಡಿ. ಎತ್ತರ 2.4 ಮೀಟರಿಗಿಂತ ಕಡಿಮೆ ಬೇಡ, ಕಡಿಮೆಯಾದರೆ ಕಾವು ತಲೆಗೇ ಬಡಿಯುತ್ತದೆ.

ಪಡುವಣದ ತಟ್ಟಿಗೆ ತೊಗರಿ ಕಟ್ಟಿಗೆ ಸಾಕು. ತೊಗರಿಯ ಕಣಜ ಎನ್ನುವ ಊರು ನಮ್ಮದು. ರಾಶಿ ಮುಗಿದ ಮೇಲೆ ಜನವರಿ, ಫೆಬ್ರುವರಿಯಲ್ಲಿ ಹೊಲಗಳಲ್ಲಿ ಬೇಕಾದಷ್ಟು ಕಟ್ಟಿಗೆ ಸಿಗುತ್ತದೆ. ಹಳ್ಳಿಯ ಯಾವ ಹಿರಿಯರಿಗಾದರೂ ಅದನ್ನು ಹೆಣೆಯಲು ಬರುತ್ತದೆ. ನಮ್ಮ ತಟ್ಟಿ ಹೆಣೆದವರು ಆಳಂದ ಕಡೆಯ ಒಬ್ಬ ತಾತ. ಮಗನ ಚಿಕಿತ್ಸೆಗೆ ಬಂದು ನಾಲ್ಕು ದಿನ ಇಲ್ಲೇ ಕಾಯುತ್ತಿದ್ದರು. ಕಡ್ಡಿಗಳನ್ನು ಒತ್ತಾಗಿ ಕೂರಿಸದೆ ಬೆರಳು ತೂರುವಷ್ಟು ಸಂದು ಬಿಟ್ಟರು. ‘ಗಾಳಿ ಬರ್ಬೇಕಲ್ಲಪ್ಪ’ ಎಂದರು. ಸಂಜೆ ಆ ಸಂದುಗಳಿಂದ ಬೆಳಕು ಸಣ್ಣ ಸಣ್ಣ ಗೆರೆಯಾಗಿ ಫರ್ಸಿಯ ಮೇಲೆ ಬೀಳುತ್ತಿತ್ತು. ಆದರೆ ಒಣ ಕಟ್ಟಿಗೆಗೆ ಬೀಡಿಯ ಕಿಡಿ ಸಾಕು. ಚಹಾದ ಒಲೆಯಿಂದ ದೂರ ಇಡಿ, ಪಕ್ಕದಲ್ಲಿ ಮರಳಿನ ಬಕೆಟ್ ತೂಗುಹಾಕಿ.

ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿ ಹೇಳದೆ ಕೇಳದೆ ಬರುತ್ತದೆ. ಪರದೆಯನ್ನು ತಂತಿಯಿಂದ ಬಿಗಿಯಬೇಡಿ, ಎಳೆದರೆ ಬಿಚ್ಚುವ ಗಂಟು ಹಾಕಿ. ಮೋಡ ಕಪ್ಪಾದ ಕೂಡಲೇ ಬಿಚ್ಚುವುದು ಯಾರ ಕೆಲಸ ಎಂದು ಹೆಸರು ಗೊತ್ತಿರಲಿ. ತಂತಿಯ ಮೇಲೆ ಪರದೆ ಹಾರಿ ಬಿದ್ದರೆ ಆಗುವ ಅನಾಹುತ ಯೋಚಿಸಿ ನೋಡಿ.

ಗಿಡ, ನೀರು

ಕುಂಡಕ್ಕೆ ಬರೀ ಎರೆ ಮಣ್ಣು ತುಂಬಿದರೆ ಬಿರಿದು ಬೇರು ಹರಿಯುತ್ತದೆ. ಒಂದು ಪಾಲು ಎರೆ, ಒಂದು ಪಾಲು ಮರಳು, ಒಂದು ಪಾಲು ಕೊಳೆತ ಗೊಬ್ಬರ ಬೆರೆಸಿ. ಆಡು, ದನ ಓಡಾಡುವ ಊರಲ್ಲಿ ದಾಸವಾಳ ಎರಡು ದಿನ ಉಳಿಯುವುದಿಲ್ಲ. ಲೋಳೆಸರ, ನಿತ್ಯಪುಷ್ಪ, ಮಜ್ಜಿಗೆ ಹುಲ್ಲು ಸಾಮಾನ್ಯವಾಗಿ ಅವು ಮುಟ್ಟುವುದಿಲ್ಲ, ಬಿಸಿಲನ್ನೂ ತಡೆಯುತ್ತವೆ. ಕಣಗಿಲೆ ಚೆಂದ ಇದೆ, ಬಾಡುವುದಿಲ್ಲ, ಆದರೆ ಅದರ ಎಲ್ಲ ಭಾಗವೂ ವಿಷ. ಮಕ್ಕಳು ಕೂರುವ ಕಡೆ ಬೇಡ.

ನೀರು ನಮ್ಮಲ್ಲಿ ಕೊಡ ಲೆಕ್ಕ. ದೊಡ್ಡ ಕುಂಡದ ನಡುವೆ ಸುಟ್ಟ ಮಣ್ಣಿನ ಸಣ್ಣ ಗಡಿಗೆಯೊಂದನ್ನು ಕುತ್ತಿಗೆವರೆಗೆ ಹೂತು ನೀರು ತುಂಬಿ, ಮುಚ್ಚಳ ಮುಚ್ಚಿ. ಬಣ್ಣ, ಎಣ್ಣೆ ಹಚ್ಚಿದ ಗಡಿಗೆ ಆಗುವುದಿಲ್ಲ, ಜಿನುಗುವ ಗಡಿಗೆಯೇ ಬೇಕು. ಮಣ್ಣು ಒಣಗಿದಂತೆ ನೀರು ತಾನೇ ಜಿನುಗುತ್ತದೆ, ದಿನಾ ಮೇಲಿನಿಂದ ಹೊಯ್ಯುವ ಕೆಲಸ ತಪ್ಪುತ್ತದೆ. ಮುಚ್ಚಳ ಮಾತ್ರ ಬಿಡಬೇಡಿ, ಸೊಳ್ಳೆ ಆಗುತ್ತದೆ. ಕುಡಿಯುವ ನೀರಿನ ಮಡಕೆ ತೊಳೆದಾಗ ಉಳಿದ ನೀರು ಈ ಗಡಿಗೆಗಳಿಗೆ ಹೋಗಲಿ.

ದಿನ ನಿತ್ಯ ಯಾರು?

ಕಟ್ಟೆ ಹಾಳಾಗುವುದು ಮೊದಲ ತಿಂಗಳಲ್ಲಿ ಅಲ್ಲ, ಎರಡನೇ ತಿಂಗಳಲ್ಲಿ. ಉತ್ಸಾಹ ಇಳಿದಾಗ ಒಂದು ಮೂಲೆಯಲ್ಲಿ ಗುಟ್ಕಾ ಉಗುಳು ಬೀಳುತ್ತದೆ. ಅದನ್ನು ಅವತ್ತೇ ತೊಳೆದರೆ ಸರಿ, ಬಿಟ್ಟರೆ ವಾರದಲ್ಲಿ ಆ ಗೋಡೆಯೇ ಕೆಂಪು. ಬೆಳಗ್ಗೆ ಏಳಕ್ಕೆ ಗುಡಿಸುವವರು, ಮಡಕೆ ತುಂಬುವವರು, ರಾತ್ರಿ ದೀಪ ನೋಡುವವರು, ಈ ಮೂರು ಹೆಸರು ವಾರದ ಏಳು ದಿನಕ್ಕೂ ಬರೆದು ಮೆಡಿಕಲ್ ಅಂಗಡಿಯ ಒಳಗೆ ಅಂಟಿಸಿ. ಗುಡಿಸುವ ಕೆಲಸಕ್ಕೆ ಓಣಿಯವರು ಒಬ್ಬರನ್ನು ಗೊತ್ತು ಮಾಡಿದರೆ ತಿಂಗಳಿಗೆ ಸರಿಯಾಗಿ ಸಂಬಳ ಕೊಡಿ. ಪೌರಕಾರ್ಮಿಕರ ತಲೆಗೆ ಇನ್ನೊಂದು ಪುಕ್ಕಟೆ ಕೆಲಸ ಕಟ್ಟಬೇಡಿ.

ಒಂದು ಸೋಲಾರ್ ದೀಪ ಇರಲಿ. ಕತ್ತಲೆ ಕಟ್ಟೆ ಕುಡಿಯುವವರ ಪಾಲಾಗುತ್ತದೆ, ಆಮೇಲೆ ಓಣಿಯವರೇ ತೆಗೆಯಿರಿ ಎನ್ನುತ್ತಾರೆ. ‘ಇದು ಎಲ್ಲರ ಕಟ್ಟೆ. ಏನೂ ಕೊಳ್ಳದೆ ಕೂರಬಹುದು’ ಎಂದು ಕನ್ನಡ ಮತ್ತು ಉರ್ದುವಿನಲ್ಲಿ ಬರೆದು ಹಾಕಿ. ಪಕ್ಕದ ಹೋಟೆಲಿನವರು ತಮ್ಮ ಟೇಬಲ್ ತಂದು ಇಟ್ಟರೆ ಒಪ್ಪಬೇಡಿ, ದುಡ್ಡು ಕೊಟ್ಟಿದ್ದರೂ ಸರಿ. ಚಹಾ ತಂದು ಕುಡಿಯಲಿ, ಚಹಾ ಕೊಂಡವರಿಗೆ ಮಾತ್ರ ಜಾಗ ಎಂದಾಗಬಾರದು.

ಹತ್ತಿರದ ಶೌಚಾಲಯ ಎಲ್ಲಿದೆ ಎಂದು ಬಾಣದ ಗುರುತು ಹಾಕಿ. ಕಾಯುವ ಹೆಂಗಸರು ಕೇಳಲು ನಾಚುವ ವಿಷಯ ಇದು.

ದುಡ್ಡಿಗೆ ಮೊದಲು ಓಣಿಯನ್ನೇ ಕೇಳಿ. ವಸ್ತು ಕೊಡುವವರು ದುಡ್ಡು ಕೊಡುವವರಿಗಿಂತ ಜಾಸ್ತಿ: ಒಬ್ಬರು ಡ್ರಮ್ಮು, ಒಬ್ಬರು ಫರ್ಸಿ, ಒಬ್ಬರು ಒಂದು ದಿನದ ವೆಲ್ಡಿಂಗ್. ಲೆಕ್ಕವನ್ನು ಕಟ್ಟೆಯಲ್ಲೇ ತೂಗುಹಾಕಿ. ಮೂರು ತಿಂಗಳ ಲೆಕ್ಕ, ಫೋಟೊ ಕೈಯಲ್ಲಿದ್ದರೆ ಪಾಲಿಕೆಯ ಬಜೆಟ್ಟಿಗೆ, ಶಾಸಕರ ನಿಧಿಗೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಅರ್ಜಿ ಹಾಕುವಾಗ ಮಾತಿಗೆ ತೂಕ ಬರುತ್ತದೆ.

ಬಿಚ್ಚುವುದು

ಎಲ್ಲವನ್ನೂ ನಾಲ್ಕು ಜನ ಹೊರುವಷ್ಟು ತುಂಡುಗಳಾಗಿ ಮಾಡಿಸಿ, ಬೋಲ್ಟ್ ಹಾಕಿ ಜೋಡಿಸಿ. ಹೋಳಿ ಹುಣ್ಣಿಮೆ ಆದ ಮೇಲಿನ ಶರಣಬಸವೇಶ್ವರ ಜಾತ್ರೆ, ಬಂದೇನವಾಜರ ಉರುಸು, ಗಣಪತಿ ಮೆರವಣಿಗೆ, ಮೊಹರಂ, ಇವು ಹೋಗುವ ದಾರಿಯಲ್ಲಿ ನಿಮ್ಮ ಕಟ್ಟೆ ಇದ್ದರೆ ಹಿಂದಿನ ರಾತ್ರಿಯೇ ತೆರವು ಮಾಡಬೇಕು. ಪೊಲೀಸರು ಹೇಳುವವರೆಗೆ ಕಾಯಬೇಡಿ.

ನನ್ನ ಸಲಹೆ, ಮೂರು ತಿಂಗಳಿಗಿಂತ ಜಾಸ್ತಿ ಅನುಮತಿ ಸಿಕ್ಕರೂ ದೀಪಾವಳಿ ಆದ ಮೇಲೆ ಹಾಕಿ ಜೂನ್ ಮೊದಲ ವಾರ ಬಿಚ್ಚಿಬಿಡಿ. ಮಳೆಗಾಲ ಚರಂಡಿಯದ್ದು. ಬಿಚ್ಚಿದ ದಿನವೇ ಆ ಉದ್ದಕ್ಕೂ ಹೂಳು ತೆಗೆಸಿ, ಕಟ್ಟೆಯಿಂದ ಚರಂಡಿ ಕಟ್ಟಿತು ಎಂಬ ಮಾತು ಬರಬಾರದು. ಹಲಗೆಗೆ ಗೇರು ಬೀಜದ ಸಿಪ್ಪೆಯ ಎಣ್ಣೆ ಬಳಿದು ಒಣಗಿಸಿ, ಆ ಎಣ್ಣೆ ಕೈಗೆ ತಾಗದಂತೆ ಗವುಸು ಹಾಕಿಕೊಳ್ಳಿ, ಚರ್ಮ ಬೊಬ್ಬೆ ಏಳುತ್ತದೆ. ಪ್ರತಿ ತುಂಡಿನ ಹಿಂದೆ ಬಣ್ಣದಲ್ಲಿ ಒಂದು, ಎರಡು, ಮೂರು ಎಂದು ನಂಬರ್ ಬರೆದು, ಯಾವುದರ ಪಕ್ಕ ಯಾವುದು ಎಂದು ಗೋಡೆಗೆ ಒರಗಿಸಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ನಮ್ಮವು ಈಗ ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿವೆ. ಅವರೇ ಜಾಗ ಕೊಟ್ಟರು.